ವಲಾಂಡಿಯ ಕ್ಯಾಲ್ಸಿಯಂ ಡಬ್ಬಿ

ಅನಾಹುತ ಶುರುವಾದದ್ದು ಒಂದು ಸೋಮವಾರ ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ, ಉದಗೀರದಲ್ಲಿ. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಒಂದು ಗಂಟೆಗೆ ಔಷಧ ಕೊಡುವ ಕಿಟಕಿ ಮುಚ್ಚುತ್ತಿತ್ತು, ಬಾಗಿಲಾಚೆ ಇನ್ನೂ ಮೂವತ್ತು ಜನ ನಿಂತಿದ್ದರು, ನಾನು ಗೋಡೆಯ ಗಡಿಯಾರ ನೋಡುತ್ತಲೇ ಮಾತಾಡುತ್ತಿದ್ದೆ. ಎದುರಿನ ಸ್ಟೂಲಿನ ಮೇಲೆ ಮಂಗಲಾ ಎಂಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅವಳ ಅಳು ನಿಲ್ಲಲಿ ಎಂದು ನಾನೊಂದು ಉಪಾಯ ಹೇಳಿಕೊಟ್ಟೆ. ಅವಳು ಕಣ್ಣೊರೆಸಿಕೊಂಡು ಎದ್ದು ಹೋದಳು. ಆ ದಿನ ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂದುಕೊಂಡು ನಾನು ಊಟಕ್ಕೆ ಹೋದೆ.

ಈಗ ನಾನು ಒಂದು ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗ ವಿಭಾಗದ ಸಹಾಯಕ ಪ್ರಾಧ್ಯಾಪಕಿ. ಹೋದ ತಿಂಗಳು ಒಂದು ಊರಿಗೆ ಉಪನ್ಯಾಸಕ್ಕೆ ಹೋದಾಗ ಅಲ್ಲಿಯವರು ನನ್ನ ಪರಿಚಯದ ಹಾಳೆ ಓದಿದರು. ಎಲ್ಲಿ ಓದಿದ್ದು, ಯಾವ ವಿಷಯದಲ್ಲಿ ಪ್ರಬಂಧ, ಯಾವ ಪತ್ರಿಕೆಗಳಲ್ಲಿ ಲೇಖನ. ನಡುವೆ ಒಂದು ಸಾಲು: ‘ಮರಾಠವಾಡಾದ ಗಡಿ ತಾಲೂಕುಗಳಲ್ಲಿ ಮೂರು ತಿಂಗಳ ಸೇವೆ.’ ಓದಲು ಮೂರು ಸೆಕೆಂಡು ಹಿಡಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಮೆಚ್ಚುಗೆಯಿಂದ ತಲೆಯಾಡಿಸಿದರು. ನನಗೆ ಎದ್ದು ಹೋಗಿ ಆ ಹಾಳೆ ಕಸಿದುಕೊಳ್ಳಬೇಕು ಅನ್ನಿಸಿತು. ನನ್ನ ಆ ದಿನದ ವಿಷಯ, ಔಷಧದಿಂದ ಚರ್ಮದ ಮೇಲಾಗುವ ಅಪಾಯಗಳು. ಚೆನ್ನಾಗಿಯೇ ಮಾತಾಡಿದೆನಂತೆ. ಆ ವಿಷಯ ನನಗೆ ಅಷ್ಟು ಚೆನ್ನಾಗಿ ಗೊತ್ತಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ, ಆ ಒಂದು ಸಾಲಿನಿಂದ ಎಂದು ನಾನೂ ಹೇಳಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಎಂ.ಡಿ. ಓದುವವರನ್ನು ಮೂರು ತಿಂಗಳು ತಾಲೂಕು ಆಸ್ಪತ್ರೆಗಳಿಗೆ ಕಳಿಸುತ್ತಾರೆ. ನನಗೆ ಬಂದದ್ದು ಮಳೆಗಾಲದ ಮೂರು ತಿಂಗಳು. ಸೋಮವಾರ ಉದಗೀರ, ಬುಧವಾರ ನಿಲಂಗಾ, ಶುಕ್ರವಾರ ಉಮರ್ಗಾ. ನಾನು ಆಳಂದದವಳು, ಉಮರ್ಗಾ ನನಗೆ ಪರವೂರೇನಲ್ಲ; ಚಿಕ್ಕಂದಿನಲ್ಲಿ ಬಟ್ಟೆ ಕೊಳ್ಳಲು ಹೋಗುತ್ತಿದ್ದ ಪೇಟೆ. ಕನ್ನಡದಲ್ಲಿ ಮಾತಾಡಿಸಿದರೆ ರೋಗಿಗಳ ಮುಖ ಅರಳುತ್ತಿತ್ತು. “ಅಯ್ಯ, ನಮ್ಮಕೀನೇ ಇದ್ದಾಳಲ್ಲ” ಎಂದು ಮುದುಕಿಯರು ಗದ್ದ ಮುಟ್ಟುತ್ತಿದ್ದರು. ಅಷ್ಟು ಮಾತ್ರಕ್ಕೆ ನಾನು ಅವರ ಪೈಕಿ ಎಂದು ನಂಬಿಕೊಂಡದ್ದು ನನ್ನ ದಡ್ಡತನ.

ಆ ವರ್ಷ ಮಳೆ ಬಿಡುವು ಕೊಡಲಿಲ್ಲ. ಸೋಯಾಬೀನ್ ಹೊಲಗಳಲ್ಲಿ ಮೊಣಕಾಲುದ್ದ ಎರೆಯ ಕೆಸರು. ಎಸ್ಟಿ ಬಸ್ಸಿನ ಮೆಟ್ಟಿಲ ಮೇಲೆ, ಆಸ್ಪತ್ರೆಯ ಫರಸಿಯ ಮೇಲೆ, ನನ್ನ ಚಪ್ಪಲಿಯಲ್ಲಿ ಅದೇ ಕಪ್ಪು ಮಣ್ಣು. ಬಟ್ಟೆ ಒಣಗುವುದಿಲ್ಲ, ಒದ್ದೆ ಬಟ್ಟೆಯಲ್ಲೇ ದುಡಿಮೆ. ಆದ್ದರಿಂದ ಹುಳಕಡ್ಡಿ. ನೂರು ಜನ ಬಂದರೆ ಎಪ್ಪತ್ತು ಜನಕ್ಕೆ ಹುಳಕಡ್ಡಿ, ಅಷ್ಟೂ ಜನರ ಕೈಯಲ್ಲಿ ಅಂಗಡಿಯಿಂದ ತಂದ ಟ್ಯೂಬು. ಆ ಟ್ಯೂಬಿನಲ್ಲಿ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಎರಡು ತಿಂಗಳಿಗೆ ರೋಗ ಹೊಟ್ಟೆ ಬೆನ್ನೆಲ್ಲ ಹಬ್ಬುತ್ತದೆ.

“ಇದು ಯಾರ್ ಕೊಟ್ಟಾರ?” ಎಂದು ಉಮರ್ಗಾದಲ್ಲಿ ಒಬ್ಬ ಹೋಟೆಲಿನವನನ್ನು ಕೇಳಿದೆ.

“ಯಾರ್ ಕೊಡ್ತಾರ್ರೀ, ಮೆಡಿಕಲ್‌ದಾಂವ. ನಿಮಗಿಂತ ಅಂವಾ ಛಲೋ ನೋಡ್ರಿ. ಪ್ಯಾಂಟ್ ಬಿಚ್ಚು ಅನ್ನಂಗಿಲ್ಲ, ಬಾಗಲ್ದಾಗ ನಿಂತ ಹೇಳಿದ್ರೂ ತಿಳ್ಕೋತಾನ.”

ಹೊರಗೆ ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆರು ವಾರ ನುಂಗಬೇಕಾದ ಗುಳಿಗೆಯನ್ನು ಆರು ದಿನ ನುಂಗಿ, ಕಡಿತ ನಿಂತಿತೆಂದು ಬಿಟ್ಟು, ಮತ್ತೆ ಬಂದು ನಿನ್ನ ಔಷಧ ನಡೆಯುವುದಿಲ್ಲ ಅನ್ನುತ್ತಿದ್ದರು. ಮೊದಲ ವಾರ ವಿವರಿಸಿದೆ. ಎರಡನೆಯ ವಾರ ಬೈದೆ. ಮೂರನೆಯ ವಾರದ ಹೊತ್ತಿಗೆ ಎಲ್ಲರಿಗೂ ಒಂದೇ ಮಾತು: “ಏನರೆ ಆಗಲಿ, ಒಂದು ದಿನಾನೂ ಬಿಡಬ್ಯಾಡ್ರಿ.” ಮುಖ ನೋಡುವ ಮೊದಲೇ ಆ ಮಾತು ಬಾಯಿಂದ ಬರುತ್ತಿತ್ತು. ಅದಕ್ಕೆ ಜನ ನನಗೊಂದು ಹೆಸರಿಟ್ಟರು, ಬಿಡಬ್ಯಾಡಬಾಯಿ. ಅದನ್ನು ನನಗೆ ಹೇಳಿದವರು ಮಾಧವರಾವ್.

ಮಾಧವರಾವ್ ಉದಗೀರದಲ್ಲಿ ಕುಷ್ಠರೋಗ ವಿಭಾಗದ ಹಳೆಯ ಕೆಲಸಗಾರರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನೆಮಾತು ಮರಾಠಿ, ಆದರೆ ಗಡಿಯ ಹಳ್ಳಿ ಸುತ್ತಿ ಸುತ್ತಿ ಕನ್ನಡ ಅಭ್ಯಾಸವಾಗಿತ್ತು. ಒಂದು ಹಳೆಯ ಮೋಟಾರ್‌ಸೈಕಲ್ಲು, ಅದರ ಪೆಟ್ಟಿಗೆಯಲ್ಲಿ ಗುಳಿಗೆ, ರೋಗಿಗಳ ಕಾರ್ಡು. ಮಂಗಲಾಳನ್ನು ನನ್ನ ಮುಂದೆ ತಂದು ಕೂಡಿಸಿದವರೂ ಅವರೇ. “ಬಘಾ ಮೇಡಂ, ಈ ತಂಗಿ ಹುಳಕಡ್ಡಿ ಅಂತ ಬಂದಾಳ. ನನಗ ಹಾಂಗ ಕಾಣವಲ್ದು.”

ಮಂಗಲಾಗೆ ಮೂವತ್ತರ ಸುಮಾರು, ನನ್ನದೇ ವಯಸ್ಸು. ತವರು ಬೀದರ ಜಿಲ್ಲೆಯ ಔರಾದ ಕಡೆ, ಕೊಟ್ಟದ್ದು ವಲಾಂಡಿಗೆ. ಸ್ವಂತ ಹೊಲವಿದ್ದ ಮನೆ. ಗಂಡ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಬೆನ್ನಿನ ಮೇಲೆ, ಮೊಣಕೈ ಹತ್ತಿರ ತಾಮ್ರದ ಬಣ್ಣದ ಮಚ್ಚೆಗಳು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದೆ. “ಎಲ್ಲಿ ಮುಟ್ಟೀನಿ, ಬೆರಳಿಟ್ಟು ತೋರಸು.” ಮಚ್ಚೆಯ ಹೊರಗೆ ಮುಟ್ಟಿದಾಗ ಸರಿಯಾಗಿ ತೋರಿಸಿದಳು. ಮಚ್ಚೆಯ ಮೇಲೆ ಮುಟ್ಟಿದಾಗ ಕಣ್ಣು ಮುಚ್ಚಿಕೊಂಡೇ ಕಾದು ಕೂತಳು. “ಮುಟ್ರಿ ಮತ್ತ” ಎಂದಳು. ನಾನು ಮೂರು ಸಲ ಮುಟ್ಟಿ ಆಗಿತ್ತು. ಬಲಗೈ ಕಿರುಬೆರಳಿನ ಮೇಲೆ ರೊಟ್ಟಿಯ ಹಂಚು ಸುಟ್ಟ ಗಾಯ. ಯಾವಾಗ ಸುಟ್ಟಿತೋ ಗೊತ್ತೇ ಆಗಲಿಲ್ಲ ಎಂದಳು. ಮೊಣಕೈಯ ಒಳಗಿನ ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಕ್ಕಿತು.

ಕುಷ್ಠರೋಗ ಎಂದೆ. ಒಂದು ವರ್ಷ ಗುಳಿಗೆ ನುಂಗಿದರೆ ವಾಸಿಯಾಗುತ್ತದೆ, ಪುಕ್ಕಟೆ ಕೊಡುತ್ತೇವೆ, ಮಕ್ಕಳನ್ನು ಎತ್ತಿಕೊಳ್ಳಬಹುದು, ಅಡುಗೆ ಮಾಡಬಹುದು ಎಂದೆಲ್ಲ ಹೇಳಿದೆ. ಅವಳಿಗೆ ಮೊದಲ ಶಬ್ದದ ಮುಂದಿನದು ಏನೂ ಕೇಳಿಸಲಿಲ್ಲ.

“ದೊಡ್ಡ ರೋಗ ಅಂತೀರೇನ್ರೀ?” ಎಂದಳು. ಆಮೇಲೆ ಒಂದೇ ಉಸಿರಿಗೆ, “ದಸರಾ ಆದ ಮ್ಯಾಗ ನಮ್ಮ ನಾದಿನಿ ಲಗ್ನ ಅದರೀ. ಹುಡುಗನ ಕಡಿಯವರಿಗಿ ಗೊತ್ತಾದ್ರ ಮುರೀತದ. ಮುರಿದ್ರ ಜಲ್ಮ ಪೂರಾ ನನ್ನ ಹೆಸರು. ನಮ್ಮನಿಯವರಿಗಿ ನಾ ಹೆಂಗರೆ ಹೇಳ್ತೀನಿ. ಅತ್ತಿಗಿ ಬ್ಯಾಡ್ರಿ. ಅತ್ತಿ ಒಳ್ಳೇಕೀನೇ ಇದ್ದಾಳ. ಖರೆ ಮಗಳ ಲಗ್ನದ ಮುಂದ ಸೊಸಿ ಏನ್ ದೊಡ್ಡಾಕಿರೀ?”

ಈ ರೋಗದ ಗುಳಿಗೆಯ ಹಾಳೆಯನ್ನು ಯಾರಾದರೂ ಗುರುತು ಹಿಡಿಯುತ್ತಾರೆ. ತಿಂಗಳ ಪೂರ್ತಿ ಗುಳಿಗೆ ಒಂದೇ ಹಾಳೆಯಲ್ಲಿ, ಬಣ್ಣದಿಂದಲೇ ಗೊತ್ತಾಗುತ್ತದೆ. ಆಗ ನನಗೆ ಉಪಾಯ ಹೊಳೆಯಿತು. ಮೇಜಿನ ಮೇಲೆ ಕ್ಯಾಲ್ಸಿಯಂ ಗುಳಿಗೆಯ ಖಾಲಿ ಡಬ್ಬಿ ಇತ್ತು. ದಿನದ ಬಿಳಿ ಗುಳಿಗೆ, ಕಂದು ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ ನನ್ನ ಕೈಯಾರೆ ಆ ಡಬ್ಬಿಗೆ ತುಂಬಿದೆ. “ತಾಕತ್ತಿನ ಗುಳಿಗಿ ಅಂತ ಹೇಳು. ಕಾರ್ಡು ಇಲ್ಲೇ ಇರಲಿ. ಖರೆ ಏನರೆ ಆಗಲಿ, ಒಂದು ದಿನಾನೂ ಬಿಡಬ್ಯಾಡ.” ಆಗ ಹನ್ನೆರಡು ನಲವತ್ತು.

ಆ ಕಾರ್ಡಿನ ಹಿಂಬದಿಯಲ್ಲಿ ಛಾಪಿಸಿರುತ್ತಾರೆ: ಜ್ವರ, ಮೈಮೇಲೆ ಗಂದೆ, ಕಣ್ಣು ಹಳದಿ ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೇ ಬನ್ನಿ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದೆನೇ? ನಾಲ್ಕು ವರ್ಷದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಕೆಲವು ಸಲ ಹೇಳಿದ ಹಾಗೆ ಅನ್ನಿಸುತ್ತದೆ. ಆದರೆ ಆಗ ನೆನಪಿಗೆ ಬರುವುದು ಬೇರೆ ಯಾವುದೋ ರೋಗಿಯ ಮುಖ. ಬಿಡಬೇಡ ಅಂದದ್ದು ಮಾತ್ರ ಐದು ಸಲವಾದರೂ ಇದ್ದೀತು. ಕಾರ್ಡು ಮಾಧವರಾವ್ ಅವರ ಡ್ರಾವರಿಗೆ ಹೋಯಿತು.

ಅವರಿಗೆ ಇದು ಹಿಡಿಸಲಿಲ್ಲ. “ಮೇಡಂ, ಮನಿಯವರ್ದೆಲ್ಲಾ ತಪಾಸಣಿ ಮಾಡಬೇಕಾಗ್ತದ, ಕಾಯದಾ ಅದ. ನಾ ಅಲ್ಲಿ ಹೋಗಿ ಏನ್ ಹೇಳಲಿ? ಪೋಲಿಯೋ ಡೋಸ್ ತಂದೀನಿ, ಅಜ್ಜಿ ಬಾಯಿ ತೆಗಿ ಅನ್ನಲಾ?”

“ದಸರಾ ಆಗಲಿ ಮಾಮಾ, ಆಮೇಲೆ ನೋಡೋಣ” ಎಂದೆ.

“ದಸರಾಕ್ಕ ನೀವ್ ಇರಂಗಿಲ್ಲ, ನಾನೇ ಇರಬೇಕು” ಎಂದು ಪೆಟ್ಟಿಗೆ ಮುಚ್ಚಿದರು.

ನಾಲ್ಕು ವಾರಕ್ಕೆ ಮಂಗಲಾ ಹೇಳಿದ ದಿನವೇ ಬಂದಳು. ಮೈಬಣ್ಣ ಸ್ವಲ್ಪ ಕಪ್ಪಾಗಿದೆ, ಅತ್ತೆ ಬಿಸಿಲಿಗೆ ಹೋಗಬೇಡ ಅನ್ನುತ್ತಾಳೆ ಎಂದು ದೂರಿದಳು. ಅದು ಕಂದು ಗುಳಿಗೆಯದು, ಆಮೇಲೆ ಹೋಗುತ್ತದೆ ಎಂದು ಹೇಳಿ ಡಬ್ಬಿ ಮತ್ತೆ ತುಂಬಿ ಕೊಟ್ಟೆ. “ಒಂದು ದಿನಾನೂ ತಪ್ಪಿಲ್ರೀ. ಏಕಾದಶಿಗೂ ಬಿಟ್ಟಿಲ್ಲ” ಎಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾನು ಹೇಳಿದಂತೆ ನಡೆದ ರೋಗಿ ಕೊನೆಗೂ ಒಬ್ಬಳು ಸಿಕ್ಕಿದ್ದಳು. ಆ ವಾರವೆಲ್ಲ ನಿಲಂಗಾದಲ್ಲಿ, ಉಮರ್ಗಾದಲ್ಲಿ, ಗುಳಿಗೆ ಬಿಟ್ಟು ಬಂದವರಿಗೆ ಅವಳ ಉದಾಹರಣೆ ಕೊಟ್ಟು ಬೈದೆ. ಹೆಸರು ಹೇಳಲಿಲ್ಲ, ಅಷ್ಟೆ.

ಮುಂದೆ ಎರಡು ವಾರಕ್ಕೆ, ಮತ್ತೊಂದು ಸೋಮವಾರ, ಅರವತ್ತರ ಹೆಂಗಸೊಬ್ಬಳು ಸಾಲಿನಲ್ಲಿ ನಿಂತು ಸರದಿಯ ಮೇಲೆ ನನ್ನ ಮೇಜಿಗೆ ಬಂದಳು. ಹಣೆ ತುಂಬ ವಿಭೂತಿ, ಮೊಣಕಾಲವರೆಗೆ ಕೆಸರು. ಕೂಡಲಿಲ್ಲ. ಚೀಲದಿಂದ ಕ್ಯಾಲ್ಸಿಯಂ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

“ಬ್ಯಾನಿ ನಂದಲ್ರೀ ಡಾಕ್ಟರಬಾಯಿ. ಒಂದ್ ಮಾತ್ ಕೇಳಬೇಕಿತ್ತು. ಇವು ದಿನಾ ಎರಡೆರಡು ಕೊಟ್ರ ನಡೀತದೇನು? ನಮ್ಮ ಸೊಸಿ ಭಾಳ ನಿಶಕ್ತ ಆಗ್ಯಾಳ.”

“ಯಾರು ನಿಮ್ಮ ಸೊಸಿ?”

“ಮಂಗಲಾರೀ, ವಲಾಂಡಿ. ಆರ್ ದಿನಾ ಆತು, ಮೈಮ್ಯಾಲ ದೇವಿ ಬಂದಾಳ. ಕೆಂಪ್ ಕೆಂಪ್ ಅಕ್ಕಿಕಾಳಿನಂಗ ಎದ್ದಾವ. ಜರ ಇಳಿವಲ್ದು. ದೇವಿ ಇರತನಾ ನಮ್ಮಲ್ಲಿ ಹೊರಗಿನ ಔಷಧ ಹಾಕಂಗಿಲ್ಲ. ಖರೆ ಇದು ಔಷಧ ಅಲ್ಲಲ್ಲಾ, ತಾಕತ್ತಿಂದು. ಡಾಕ್ಟರಬಾಯಿ ಒಂದ್ ದಿನಾನೂ ಬಿಡಬ್ಯಾಡ ಅಂದಾರ ಅಂತ ಆಕೀನೇ ಮೊದಲಿಂದ ಹೇಳ್ಕೋತ ಬಂದಾಳ. ಈಗ ಆಕಿನೇ ಒಲ್ಲೆ ಅಂತಾಳ, ಬಾಯಾಗ ಹಿಡಿಯಂಗಿಲ್ಲ ಅತ್ತಿ ಅಂತಾಳ. ನಾ ಬಿಡತೀನೇನು? ಹಾಲಾಗ ಅದ್ದಿ ನಾನೇ ಕೈಲೆ ನುಂಗಸ್ತೀನಿ.”

ಶಾಂತಾಬಾಯಿ ಎಂಬುದು ಅವಳ ಹೆಸರು. ಸೊಸೆಯ ಬಗ್ಗೆ ಅವಳ ದನಿಯಲ್ಲಿದ್ದ ಕಕ್ಕುಲತೆಯನ್ನು ನಾನು ಮರೆಯಬೇಕೆಂದರೂ ಆಗುವುದಿಲ್ಲ.

ಆ ಬಿಳಿ ಗುಳಿಗೆ ಲಕ್ಷ ಜನಕ್ಕೆ ಒಗ್ಗುತ್ತದೆ. ಎಲ್ಲೋ ಕೆಲವರಿಗೆ, ಶುರು ಮಾಡಿದ ಐದಾರು ವಾರಕ್ಕೆ, ಮೈ ಅದರ ಮೇಲೆ ತಿರುಗಿ ಬೀಳುತ್ತದೆ: ಜ್ವರ, ಗಂದೆ, ಮುಖ ಬಾವು, ಯಕೃತ್ತಿಗೆ ಪೆಟ್ಟು. ಆಗ ಮಾಡಬೇಕಾದ ಮೊದಲ ಕೆಲಸ ಗುಳಿಗೆ ನಿಲ್ಲಿಸುವುದು. ಇದು ಪರೀಕ್ಷೆಗೆ ಬರುವ ಪ್ರಶ್ನೆ, ನಾನು ಬರೆದು ಒಳ್ಳೆಯ ಅಂಕ ತೆಗೆದ ಪ್ರಶ್ನೆ.

“ಕಣ್ಣು ಹಳದಿ ಆಗ್ಯಾವೇನು?” ಎಂದೆ.

“ಬೇವು ಅರಿಶಿಣಾ ಮೈತುಂಬ ಹಚ್ಚೇವಲ್ಲ, ಕಣ್ಣೂ ಹಳದಿ ಕಾಣ್ತಾವ.”

ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಸಾಲಿನಲ್ಲಿದ್ದವರು ಕೂಗಾಡಿದರು. ಆಸ್ಪತ್ರೆಯ ಅಂಬ್ಯುಲೆನ್ಸು ಬಾಣಂತಿಯೊಬ್ಬಳನ್ನು ಬಿಡಲು ಹೋಗಿತ್ತು, ಯಾವಾಗ ಬರುತ್ತದೋ ತಿಳಿಯದು. ಮಾಧವರಾವ್ ಪರಿಚಯದವರ ಕ್ರೂಸರ್ ಗಾಡಿ ತಂದರು. ದಾರಿಯಲ್ಲಿ ಶಾಂತಾಬಾಯಿ ಕೇಳುತ್ತಲೇ ಇದ್ದಳು: “ಯಾಕ್ರೀ, ಗುಳಿಗಿ ಕೇಳಾಕ ಬಂದ್ರ ನೀವೇ ಎದ್ದ ಬಂದ್ರಲ್ಲ?” ನಾನು “ನೋಡಬೇಕು ಆಯಿ, ನೋಡಬೇಕು” ಎಂದಷ್ಟೇ ಅನ್ನುತ್ತಿದ್ದೆ. ಎಂಟು ವರ್ಷ ಓದಿದವಳಿಗೆ ಬೇರೆ ವಾಕ್ಯ ಸಿಗಲಿಲ್ಲ.

ಮನೆಯ ಬಾಗಿಲಿಗೆ ಬೇವಿನ ತೋರಣ. ಕಾಲು ತೊಳೆದು ಒಳಗೆ ಹೋಗಬೇಕು, ಜೋರಾಗಿ ಮಾತಾಡಬಾರದು. ಒಳಕೋಣೆಯಲ್ಲಿ ಬಿಳಿ ಸೀರೆ ಹಾಸಿ ಬೇವಿನೆಲೆಯ ಮೇಲೆ ಅವಳನ್ನು ಮಲಗಿಸಿದ್ದರು. ಹೊಸಿಲಲ್ಲಿ ನಾನು ಒಂದು ಕ್ಷಣ ನಿಂತೆ, ಗುರುತೇ ಸಿಗಲಿಲ್ಲ. ಮುಖ ಊದಿ ಕಣ್ಣು ಎರಡು ಗೀರಾಗಿದ್ದವು. ಬೆರಳಿನಿಂದ ರೆಪ್ಪೆ ತೆಗೆದು ನೋಡಿದೆ. ಒಳಗೂ ಹಳದಿ. ಅರಿಶಿನ ಕಣ್ಣಿನ ಒಳಗಡೆ ಹೋಗುವುದಿಲ್ಲ. ಕುತ್ತಿಗೆಯಲ್ಲಿ ಕಡಲೆಕಾಳಿನಂಥ ಗಂಟುಗಳು. ಮೈ ಕಾದ ಹಂಚು.

ಕಿವಿಯ ಹತ್ತಿರ ಬಾಗಿ ಹೇಳಿದೆ, “ಮಂಗಲಾ, ಗುಳಿಗಿ ನಿನಗ ಒಗ್ಗಿಲ್ಲ. ದವಾಖಾನಿಗೆ ಒಯ್ಯಬೇಕು. ಅತ್ತಿಗಿ ಹೇಳಬೇಕಾಗ್ತದ.”

ತುಟಿಗಳು ಒಡೆದಿದ್ದವು. ಸಾವಕಾಶ ಹೇಳಿದಳು, “ಹೇಳಬ್ಯಾಡ್ರಿ. ಲಗ್ನ ಅದ.”

ನನಗೆ ಅವಳ ಮೇಲೆ ಸಿಟ್ಟು ಬಂತು. ಸಾಯುವ ಹೊತ್ತಿನಲ್ಲೂ ಎಂಥ ಲಗ್ನವೇ ನಿನ್ನದು ಎಂದು ಕಿರಚಬೇಕೆನ್ನಿಸಿತು. ಆದರೆ ಆ ಗುಟ್ಟನ್ನು ಡಬ್ಬಿಗೆ ತುಂಬಿ ಕೊಟ್ಟವಳು ನಾನೇ ಅಲ್ಲವೇ?

ಹೊರಗೆ ಬಂದು ಒಯ್ಯುತ್ತೇನೆ ಎಂದೆ. ಶಾಂತಾಬಾಯಿ ಬಾಗಿಲಿಗೆ ಅಡ್ಡ ನಿಂತಳು. “ದೇವಿ ಇಳೀಲಾರದ ಊರ ಶಿವಾರ ದಾಟಸಂಗಿಲ್ರೀ. ಒಂಬತ್ ದಿನಾ ಆಗಬೇಕು. ನಮ್ಮ ಭಾವನ ಮಗಳನ ಹಿಂಗೇ ಒಯ್ದು ಕಣ್ಣ ಕಳಕೊಂಡ್ರು.”

“ಆಯಿ, ಇದು ದೇವಿ ಅಲ್ಲ. ಇದು ಗುಳಿಗಿ.”

“ಯಾ ಗುಳಿಗಿ?”

“ಡಬ್ಬಿದಾಗಿಂದು. ಅದು ಕ್ಯಾಲ್ಸಿಯಂ ಅಲ್ಲ. ಡಬ್ಬಿ ತುಂಬಿದಾಕಿ ನಾನೇ. ಆಕಿ ಮೈಗಿ ಅದು ವಿಷ ಆಗ್ಯಾದ.”

ಅವಳು ಬೈಯುತ್ತಾಳೆ, ಹೊಡೆದರೂ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ತನ್ನ ಬಲಗೈ ಎತ್ತಿ ನೋಡಿಕೊಂಡಳು. “ಆರ್ ದಿನಾ” ಎಂದಳು. “ಆರ್ ದಿನಾ ನನ್ನ ಕೈಲೆ ನುಂಗಿಸಿದ್ರೇನ್ ಬಾಯಿ ನೀವು?”

ಮಾಧವರಾವ್ ತಲೆ ತಗ್ಗಿಸಿ ನಿಂತಿದ್ದರು. ಶಾಂತಾಬಾಯಿ ಬಾಗಿಲ ತೋರಣದಿಂದ ಬೇವಿನ ಟೊಂಗೆಯೊಂದನ್ನು ಎಳೆದುಕೊಂಡಳು. “ದೇವಿನೂ ಬರಲಿ ಗಾಡಿದಾಗ. ಆಕಿಗೂ ದವಾಖಾನಿ ತೋರಸಿದ್ರಾತು. ಹಿಡೀರಿ ಆ ಕಡಿ, ಎತ್ತೋಣು.”

ನಮ್ಮ ಕಾಲೇಜಿನ ಆಸ್ಪತ್ರೆ ಅಲ್ಲಿಂದ ಮೂರು ತಾಸಿನ ದಾರಿ. ಆ ಮೂರು ತಾಸಿನಲ್ಲಿ ನಲವತ್ತು ನಿಮಿಷ ನಾವು ಒಂದೇ ಜಾಗದಲ್ಲಿ ನಿಂತಿದ್ದೆವು. ನಿಲಂಗಾಕ್ಕೆ ಮೊದಲು ಒಂದು ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ಕೆಂಪು ಅಲ್ಲ, ಎರೆಮಣ್ಣಿನ ಕಪ್ಪು ನೀರು. ಆ ದಡದಲ್ಲಿ ಒಂದು ಬಸ್ಸು, ಈ ದಡದಲ್ಲಿ ನಾವು. ದಾಟಿಸು ಎಂದು ಡ್ರೈವರನಿಗೆ ಬೇಡಿಕೊಂಡೆ. “ಮೇಡಂ, ನಿಮಗ ಅವಸರ ಅದ. ನೀರಿಗಿ ಇಲ್ಲ” ಎಂದು ಅವನು ಇಂಜಿನ್ ಆರಿಸಿದ. ನಾನು ಮಂಗಲಾಳ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತ ಕೂತೆ. ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ. ಅವಳು ಒಮ್ಮೆ ಉಸಿರು ಬಿಗಿಹಿಡಿದಳು. ಮುಂದಿನ ಉಸಿರು ಬರಲು ತಡವಾಯಿತು. ಶಾಂತಾಬಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ಟೊಂಗೆಯಿಂದ ಗಾಳಿ ಹಾಕುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಈಗಲೂ ರಾತ್ರಿ ಕನಸಿನಿಂದ ನಾನು ಎಚ್ಚರವಾಗಿ ಎದ್ದು ಕೂಡುವುದು ಅದೇ ಸೇತುವೆಯ ಬಳಿ. ನೀರು ಇಳಿಯುತ್ತಿರುವುದಿಲ್ಲ.

ಆಸ್ಪತ್ರೆಯಲ್ಲಿ ಬೇರೆ ಜಗಳ. ತುರ್ತು ವಿಭಾಗದ ಹುಡುಗ ಡಾಕ್ಟರು ನನ್ನ ಗುರುತು ಹಿಡಿದು ನಕ್ಕ. ಚರ್ಮದವರು ಐಸಿಯು ಹಾಸಿಗೆ ಕೇಳುವುದನ್ನು ಇದೇ ಮೊದಲು ನೋಡುತ್ತಿದ್ದೇನೆ, ಮುಲಾಮು ತೀರಿತೇ ಎಂದ. ಓದಲು ಸೇರಿದ ದಿನದಿಂದ ಕೇಳಿದ ಮಾತು ಅದು: ಚರ್ಮದ ಡಾಕ್ಟರಿಗೆ ಸಾಯುವ ರೋಗಿ ಇರುವುದಿಲ್ಲ, ರಾತ್ರಿ ಕರೆ ಬರುವುದಿಲ್ಲ. ಆರಾಮದ ಶಾಖೆ ಎಂದೇ ಮನೆಯಲ್ಲೂ ಸೇರಿಸಿದ್ದರು. ಅಲ್ಲಿನ ಇನ್ನೊಬ್ಬ ಡಾಕ್ಟರ್ ಹುಡುಗಿ ಶಾಂತಾಬಾಯಿಯನ್ನು ವಿಚಾರಿಸಿ, ಅವಳಿಗೆ ಗೊತ್ತಿದ್ದ ಹೆಸರು ಅದೊಂದೇ ಆದ್ದರಿಂದ, ಕೇಸ್ ಪೇಪರಿನ ಮೇಲೆ ‘ಕ್ಯಾಲ್ಸಿಯಂ ಗುಳಿಗೆಯಿಂದ?’ ಎಂದು ಬರೆದುಬಿಟ್ಟಿದ್ದಳು. ಅದನ್ನು ಹೊಡೆದು ಹಾಕಿ ನಿಜವಾದ ಔಷಧದ ಹೆಸರು ಬರೆದೆ. ನನ್ನ ಮಾರ್ಗದರ್ಶಕ ಪ್ರಾಧ್ಯಾಪಕರಿಗೆ ಫೋನು ಮಾಡಿ ಎಲ್ಲ ಹೇಳಿ ಅಳತೊಡಗಿದೆ. ಅವರು ಕೇಳಿದರು, “ತೂಕ ಎಷ್ಟು?” ನಲವತ್ತೆರಡು ಎಂದೆ. “ಹಾಗಾದರೆ ಡೋಸ್ ಲೆಕ್ಕ ಹಾಕು. ಅಳುವುದಕ್ಕೆ ಆಮೇಲೆ ಸಮಯವಿದೆ.”

ಡೋಸ್ ಯಾವುದರದು? ಸ್ಟೆರಾಯ್ಡ್‌ದು. ಎರಡು ತಿಂಗಳಿಂದ ಮೂರು ತಾಲೂಕಿನಲ್ಲಿ ಯಾವುದನ್ನು ಎಸೆಯಿರಿ ಎಂದು ಗಂಟಲು ಹರಿದುಕೊಂಡಿದ್ದೆನೋ, ಅದೇ ಔಷಧವನ್ನು ಅವಳ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟೆ. ಅದೇ ಅವಳನ್ನು ಉಳಿಸಬೇಕಿತ್ತು.

ಎಂಟು ದಿನ ಏನೂ ಹೇಳುವಂತಿರಲಿಲ್ಲ. ರಕ್ತದ ವರದಿ ಒಂದು ದಿನ ಇಳಿಯುವುದು, ಮರುದಿನ ಏರುವುದು. ಮೈಚರ್ಮ ಹಾಳೆಹಾಳೆಯಾಗಿ ಸುಲಿಯತೊಡಗಿತು. ಅದರ ಜೊತೆ ತುರಿಕೆ. ಹಗಲು ರಾತ್ರಿ ಅವಳಿಗೆ ನಿದ್ದೆಯೆಂಬುದಿಲ್ಲ. ಗಂಡ ಬಂದ, ಎರಡು ದಿನ ವರಾಂಡಾದಲ್ಲಿ ಕೂತ, ಲಾರಿಯ ಮಾಲಿಕ ಕರೆದನೆಂದು ಹೋದ. ಶಾಂತಾಬಾಯಿ ಹಾಸಿಗೆ ಬಿಟ್ಟು ಕದಲಲಿಲ್ಲ. ಅವಳು ಕಣ್ಣು ಮುಚ್ಚಿದ್ದನ್ನು ವಾರ್ಡಿನ ಸಿಸ್ಟರುಗಳು ನೋಡಿರಲಿಲ್ಲ. ಸೊಸೆ ಕೆರೆದುಕೊಳ್ಳದಂತೆ ಕೈ ಹಿಡಿದುಕೊಂಡು, ಮೈಗೆ ಎಣ್ಣೆ ಸವರುತ್ತ ಕೂತಿರುತ್ತಿದ್ದಳು. ಗುಳಿಗೆ ಕೊಡುವ ಹೊತ್ತಿಗೆ ಮಾತ್ರ ಎದ್ದು ದೂರ ನಿಲ್ಲುತ್ತಿದ್ದಳು. “ನೀವೇ ಹಾಕ್ರಿ ಬಾಯಾಗ. ನಾ ಮುಟ್ಟಂಗಿಲ್ಲ.”

ಆ ದಿನಗಳಲ್ಲಿ ನಾನು ಕಾಲೇಜಿನಿಂದಲೇ ವಾರಕ್ಕೆ ಮೂರು ದಿನ ತಾಲೂಕುಗಳಿಗೆ ಹೋಗಿ ಬರುತ್ತಿದ್ದೆ. ಉಮರ್ಗಾದಲ್ಲಿ ಒಬ್ಬನಿಗೆ ಗುಳಿಗೆ ಬರೆದು “ಒಂದು ದಿನಾನೂ” ಎಂದವಳು ವಾಕ್ಯ ಮುಗಿಸದೆ ನಿಲ್ಲಿಸಿದೆ. ಅವನು ನನ್ನನ್ನೇ ನೋಡುತ್ತ ಕೂತ. ಆಮೇಲೆ ಹದಿನೈದು ನಿಮಿಷ ಅವನಿಗೆ ಏನೇನು ಆಗಬಹುದು ಎಂದೆಲ್ಲ ವಿವರಿಸಿದೆ. ಅವನು ಹೆದರಿ ಗುಳಿಗೆಯ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೋದ. ಹಾಗೆ ಹೇಳಿದರೆ ಸಾಯುತ್ತಾರೆ, ಹೀಗೆ ಹೇಳಿದರೆ ನುಂಗುವುದೇ ಇಲ್ಲ. ಈಗ ವಿದ್ಯಾರ್ಥಿಗಳು ಸರಿಯಾಗಿ ಹೇಗೆ ಹೇಳಬೇಕು ಎಂದು ಕೇಳಿದಾಗ ಪುಸ್ತಕದಲ್ಲಿರುವುದನ್ನು ಹೇಳುತ್ತೇನೆ.

ಹದಿಮೂರನೆಯ ದಿನ ವರದಿ ಇಳಿಯಿತು, ಮರುದಿನವೂ ಏರಲಿಲ್ಲ. ಆ ಮಧ್ಯಾಹ್ನ ಶಾಂತಾಬಾಯಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು.

“ಯಾ ರೋಗಕ್ಕ ಕೊಟ್ಟಿದ್ರಿ ಆ ಗುಳಿಗಿ ಅಂತ ನಾ ಕೇಳಿಲ್ಲ. ಯಾಕ ಕೇಳಿಲ್ಲ ಹೇಳ್ರಿ?”

“ಯಾಕ ಆಯಿ?” ಎಂದೆ.

“ನಿಮ್ಮ ಜೊತಿ ಆ ಮಾಧವರಾವ ನನ್ನ ಅಂಗಳಕ್ಕ ಬಂದ ನಿಂತ್ನಲ್ಲ, ಆವಾಗೇ ತಿಳೀತು. ಅಂವಾ ಯಾ ಬ್ಯಾನಿಯವರ ಮನಿಗಿ ಹೋಗ್ತಾನ ಅಂತ ಸುತ್ತ ಹತ್ತ ಹಳ್ಳಿಗಿ ಗೊತ್ತದ. ಅಂವನ ಗಾಡಿ ಸಪ್ಪಳ ಕೇಳಿದ್ರ ಮಂದಿ ಯಾರ ಬಾಗಲಾಗ ನಿಂತದ ಅಂತ ಹಣಿಕಿ ಹಾಕ್ತಾರ. ಅವತ್ತ ಕ್ರೂಸರ್‌ದಾಗ ಬಂದ್ರಿ, ಬಚಾವಾದ್ವಿ.” ಒಂದು ಕ್ಷಣ ನಕ್ಕಳು ಅನ್ನಿಸಿತು. ಆಮೇಲೆ ದನಿ ಗಟ್ಟಿಯಾಯಿತು. “ನನಗ್ಯಾಕ ಹೇಳಲಿಲ್ಲ? ನಾ ಏನ್ ಆಕಿನ್ನ ಹೊರಗ ಹಾಕ್ತಿದ್ನೇನು? ಹೇಳಿದ್ರ ಜರ ಬಂದ ದಿನಾನೇ ಡಬ್ಬಿ ತಿಪ್ಪಿಗಿ ಒಗೀತಿದ್ದೆ.”

“ತಪ್ಪಾತು ಆಯಿ” ಎಂದೆ.

“ಹೊರಗ ಹಾಕ್ತಿದ್ನೋ ಏನೋ” ಎಂದು ತಾನೇ ಮೆಲ್ಲಗೆ ಹೇಳಿದಳು. “ಲಗ್ನ ಹತ್ರ ಅದ. ಯಾರಿಗಿ ಗೊತ್ತು.”

ಆ ಮಾತಿಗಾಗಿ ಅವಳ ಮೇಲೆ ನನಗಿರುವ ಗೌರವ ಬೇರೆ ಯಾರ ಮೇಲೂ ಇಲ್ಲ. ತಪಾಸಣೆಗೆ ಅವಳೇ ಒಪ್ಪಿದಳು. ಮಾಧವರಾವ್ ಮೋಟಾರ್‌ಸೈಕಲ್ಲು ಬಿಟ್ಟು ಬಸ್ಸಿನಲ್ಲಿ ಹೋಗಿ ಮನೆಮಂದಿಯನ್ನೆಲ್ಲ ನೋಡಿ ಬಂದರು. ಬೇರೆ ಯಾರಿಗೂ ಇರಲಿಲ್ಲ. ಮಂಗಲಾಗೆ ಮುಂದೆ ಬಿಳಿ ಗುಳಿಗೆ ಬಿಟ್ಟು ಬೇರೆ ಔಷಧ ನಡೆಸಿದರು. ದಸರಾ ಆದ ಮೇಲೆ ಲಗ್ನವೂ ಆಯಿತು. ನನ್ನನ್ನು ಕರೆಯಲಿಲ್ಲ, ಕರೆಯಬಾರದಿತ್ತು ಕೂಡ. ಚರ್ಮದ ಡಾಕ್ಟರು ಊಟದ ಸಾಲಿನಲ್ಲಿ ಕೂತರೆ ಬೀಗರು ಏನು ತಿಳಿದುಕೊಂಡಾರು?

ಈ ಪ್ರಕರಣದ ಬಗ್ಗೆ ನಾನೊಂದು ಲೇಖನ ಬರೆದಿದ್ದೇನೆ. ನನ್ನ ಪರಿಚಯದ ಹಾಳೆಯಲ್ಲಿ ಪ್ರಕಟಣೆಗಳ ಪಟ್ಟಿಯ ಮೂರನೆಯದು ಅದೇ. ಕೆಲಸ ಸಿಗಲು ಅದೂ ಉಪಯೋಗವಾಯಿತು. ಅದರಲ್ಲಿ ಒಂದು ವಾಕ್ಯವಿದೆ: ‘ಸ್ಥಳೀಯ ನಂಬಿಕೆಗಳಿಂದಾಗಿ ರೋಗಿ ಆಸ್ಪತ್ರೆಗೆ ಬರುವುದು ತಡವಾಯಿತು.’ ಜೊತೆಗೆ ಬರೆದವರು ಸೇರಿಸಿದ ವಾಕ್ಯ. ನಾನು ತೆಗೆಯಲಿಲ್ಲ. ಡಬ್ಬಿಯ ವಿಷಯ ಎಲ್ಲೂ ಇಲ್ಲ. ದೇವಿಯ ಮೇಲೆ ಹಾಕಿ ನಾನು ಪಾರಾದೆ. ದೇವಿ ಏನು ಉತ್ತರ ಬರೆದು ಕಳಿಸುತ್ತಾಳೆಯೇ?

ಮಂಗಲಾ ಆಸ್ಪತ್ರೆಗೆ ಬಂದ ಹದಿನೇಳನೆಯ ದಿನ ಬೆಳಿಗ್ಗೆ ಏಳೂವರೆಗೆ ವಾರ್ಡಿಗೆ ಹೋಗಿದ್ದೆ. ಬಾಗಿಲಲ್ಲೇ ಸಿಸ್ಟರು ಎದುರಾಗಿ, ರಾತ್ರಿ ಒಂದು ಸಲವೂ ಕರೆಯಲಿಲ್ಲ ಮೇಡಂ, ಎರಡು ಸಲ ಹೋಗಿ ಉಸಿರು ನೋಡಿ ಬಂದೆ ಎಂದಳು. ಮಂಗಲಾ ಒಂದು ಮಗ್ಗುಲಿಗೆ ತಿರುಗಿ, ಕೈ ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದ್ದಳು. ಮುಖದ ಬಾವು ಇಳಿದಿತ್ತು. ಹಳೆಯ ಚರ್ಮ ಉದುರಿದ ಕಡೆ ಹೊಸದು ಕಂದನ ಚರ್ಮದ ಹಾಗೆ ತೆಳ್ಳಗೆ ಕಾಣುತ್ತಿತ್ತು. ಕೆಳಗೆ ಬರಿ ಫರಸಿಯ ಮೇಲೆ ಶಾಂತಾಬಾಯಿ, ಸೆರಗು ಮುಖಕ್ಕೆಳೆದುಕೊಂಡು, ಗೊರಕೆ ಹೊಡೆಯುತ್ತಿದ್ದಳು. ವಾರ್ಡಿನ ಅರ್ಧ ಜನ ಆ ಗೊರಕೆ ಕೇಳಿ ನಗುತ್ತಿದ್ದರು. ಕಿಟಕಿಯಾಚೆ ಮಳೆ ನಿಂತು ಬಿಸಿಲು ಬಿದ್ದಿತ್ತು.

ಎಂಟಕ್ಕೆ ಸರಿಯಾಗಿ ಸಿಸ್ಟರು ಗುಳಿಗೆಯ ಬಟ್ಟಲು ಹಿಡಿದು ಬಂದು ಮಂಗಲಾಳ ಭುಜ ಮುಟ್ಟಲು ಬಾಗಿದಳು. ಎಬ್ಬಿಸಬೇಡಿ ಎಂದೆ. ಎಂಟರದು ಅಲ್ಲವೇ ಎಂದಳು. ಇರಲಿ, ಒಂಬತ್ತಕ್ಕೆ ಕೊಡೋಣ ಎಂದೆ. ಒಂಬತ್ತಾಯಿತು. ಆಗಲೂ ಎಬ್ಬಿಸಲಿಲ್ಲ.